ಹಳೆಯ ಡ್ಯಾಕ್ ಪೆಟ್ಟಿಗೆ, ಆನಂದರ ಐನೂರು ಚೀವರ



ಧಮ್ಮ ಬಂಧುಗಳೇ, ಇಂದಿನ ಓದು ವಿನಯ ಪಿಟಕದ ಚುಲ್ಲವಗ್ಗದಿಂದ. ಕೌಶಾಂಬಿಯ ಉದೇನ ರಾಜನ ಅಂತಃಪುರದ ಹೆಂಗಸರು ಆನಂದರ ಉಪದೇಶ ಕೇಳಿ ಸಂತೋಷಪಟ್ಟು ಐನೂರು ಚೀವರಗಳನ್ನು ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು. ಈ ಶ್ರಮಣ ಇಷ್ಟೊಂದು ಬಟ್ಟೆ ಇಟ್ಟುಕೊಂಡು ಅಂಗಡಿ ತೆರೆಯುತ್ತಾನೋ ಎಂದುಕೊಂಡು ನೇರವಾಗಿ ಹೋಗಿ ಕೇಳಿಯೇಬಿಟ್ಟ. ಆನಂದರು ಹೇಳಿದರು, ಯಾರ ಚೀವರ ಹರಿದಿದೆಯೋ ಅವರಿಗೆ ಹಂಚುತ್ತೇವೆ. ಹಾಗಾದರೆ ಆ ಹರಿದದ್ದು? ಮಲಗುವ ಹಾಸಿನ ಮೇಲೆ ಹೊದಿಸುತ್ತೇವೆ. ಅದೂ ಹಳತಾದರೆ? ದಿಂಬು, ಹಾಸಿಗೆಯ ಗವಸು. ಆಮೇಲೆ? ನೆಲಹಾಸು. ಆಮೇಲೆ? ಕಾಲೊರೆಸುವ ಬಟ್ಟೆ. ಆಮೇಲೆ? ಧೂಳು ಹೊಡೆಯುವ ಬಟ್ಟೆ. ಅದೂ ಚಿಂದಿಯಾದರೆ? ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ ಐನೂರು ಕೊಟ್ಟನಂತೆ.

ಇದನ್ನು ಸಾಮಾನ್ಯವಾಗಿ ಮಿತವ್ಯಯದ ಪಾಠವೆಂದು ಹೇಳುತ್ತಾರೆ. ಇರಬಹುದು. ಆದರೆ ಇನ್ನೊಂದು ಸಂಗತಿ ಗಮನಿಸಿ. ಆ ಬಟ್ಟೆಗೆ ಪ್ರತಿ ಹಂತದಲ್ಲೂ ಹೆಸರು ಬದಲಾಗುತ್ತದೆ. ಕಾಲೊರೆಸುವ ಬಟ್ಟೆಯಾದ ಮೇಲೆ ಅದನ್ನು ಯಾರೂ ಚೀವರ ಅನ್ನುವುದಿಲ್ಲ, ಚೀವರವಾಗಿದ್ದಾಗಿನ ಗೌರವಕ್ಕಾಗಿ ಪೆಟ್ಟಿಗೆಯಲ್ಲಿ ಮಡಿಸಿಡುವುದೂ ಇಲ್ಲ.

ಈ ಓದು ಇವತ್ತೇ ಯಾಕೆ ಎಂದರೆ, ನಮ್ಮ ಓದು ಬಳಗದಲ್ಲಿ ಮೂರು ತಿಂಗಳಿಂದ ಒಂದು ಪೆಟ್ಟಿಗೆಯ ಚರ್ಚೆ ನಡೆದಿದೆ. ಗುಂಪಿಗೆ ಹೊಸದಾಗಿ ಸೇರಿದವರಿಗಾಗಿ ಹೇಳುತ್ತೇನೆ. ಭಾನುವಾರದ ವಂದನೆ ಒಂದು ವಾರ ಅರಸೀಕೆರೆ, ಒಂದು ವಾರ ಹಳೇಬೀಡು, ಇನ್ನೊಂದು ವಾರ ಬೇಲೂರು. ಎಲ್ಲ ಕಡೆಗೂ ಜಾವಗಲ್ ಮೇಲಿನ ಬಸ್ಸಿನಲ್ಲಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಬರುವ ಕಪ್ಪು ಪೆಟ್ಟಿಗೆ ಅದು. ಸಿ.ಡಿ. ಪ್ಲೇಯರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುತ್ತದೆ. ಹೆಸರು ಡ್ಯಾಕ್. ತಟ್ಟೆಯಲ್ಲಿರುವುದು ಬರೀ ಅಂಕಿ, ಸ್ಪೀಕರಿಗೆ ಬೇಕಾದದ್ದು ಅಲೆ. ಅಂಕಿಯನ್ನು ಅಲೆ ಮಾಡಿಕೊಡುವುದು ಇದರ ಕೆಲಸ. ನಮ್ಮ ಮೇಷ್ಟ್ರು ಎಷ್ಟೋ ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಮೇಷ್ಟ್ರು ಈಗಿಲ್ಲ. ಅವರು ಹೇಳಿಕೊಟ್ಟ ತಿಸರಣ, ಪಂಚಶೀಲ, ಬುದ್ಧ ವಂದನೆ, ಮಕ್ಕಳಿಗೆ ಪಾಳಿ ಉಚ್ಚಾರಣೆ ತಿದ್ದುವ ಪಾಠ, ಎಲ್ಲ ಒಂದು ಸಿ.ಡಿ.ಯಲ್ಲಿದೆ. ಆ ಸಿ.ಡಿ.ಯನ್ನು ನಾವು ಕೇಳಿದ್ದು ಯಾವಾಗಲೂ ಈ ಪೆಟ್ಟಿಗೆಯಿಂದಲೇ.

ಅದು ಈಗ ಗೊಂಯ್ ಅನ್ನುತ್ತಿದೆ. ಒಮ್ಮೊಮ್ಮೆ ಎಡಗಡೆಯ ಸ್ಪೀಕರ್ ಸುಮ್ಮನಾಗುತ್ತದೆ. ಒಬ್ಬ ತಮ್ಮ ಬೆರಳುದ್ದದ ಹೊಸ ಯು.ಎಸ್.ಬಿ. ಡ್ಯಾಕ್ ಒಂದನ್ನು ತಂದು, "ಅಣ್ಣ, ಇದನ್ನ ಫೋನಿಗೆ ಸಿಕ್ಕಿಸಿದ್ರೆ ಆಯ್ತು, ಪ್ಲೇಯರೂ ಬೇಡ" ಅಂದ. ಹಿರಿಯ ಉಪಾಸಿಕೆಯೊಬ್ಬರು, "ಅದ್ರಲ್ಲಿ ಮೇಷ್ಟ್ರ ದನಿ ಬರಲ್ಲ ಬಿಡಪ್ಪ" ಅಂದುಬಿಟ್ಟರು. ಚರ್ಚೆ ನಿಂತಿರುವುದು ಅಲ್ಲಿ.

ಪೆಟ್ಟಿಗೆಯ ಒಳಗಿರುವುದನ್ನು ಮೊದಲು ತಿಳಿಯೋಣ. ಅದರ ಹೃದಯ ಫಿಲಿಪ್ಸ್ ಕಂಪನಿಯ ಟಿಡಿಎ 1541ಎ ಎಂಬ 28 ಕಾಲಿನ ಚಿಪ್ಪು. ಫಿಲಿಪ್ಸ್ ಮತ್ತು ಸೋನಿ ಸೇರಿ 1982ರಲ್ಲಿ ಸಿ.ಡಿ.ಯನ್ನು ಮಾರುಕಟ್ಟೆಗೆ ತಂದಾಗ ಫಿಲಿಪ್ಸಿನ ಮೊದಲ ಚಿಪ್ಪು 14 ಬಿಟ್ಟಿನದು. ಈ 16 ಬಿಟ್ಟಿನ ಸಂತತಿ ಅದರ ನಂತರ ಬಂತು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲಿನಲ್ಲಿ ಒಂದಾಗಿ ಬರೆದಿರುತ್ತಾರೆ. ಹಳೆಯ ಚಿಪ್ಪು ಇದನ್ನು ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ತೂಗಿದ ಹಾಗೆ ತೂಗುತ್ತದೆ. ಹದಿನಾರು ತೂಕದ ಕಲ್ಲುಗಳಿವೆ ಎಂದುಕೊಳ್ಳಿ, ಪ್ರತಿಯೊಂದೂ ಹಿಂದಿನದರ ಅರ್ಧ. ಅಂಕಿ ಹೇಳಿದ ಕಲ್ಲುಗಳನ್ನು ತಕ್ಕಡಿಗೆ ಹಾಕಿದರೆ ಧ್ವನಿಯ ಅಳತೆ ಸಿಗುತ್ತದೆ. ಕಷ್ಟ ಇರುವುದು ದೊಡ್ಡ ಕಲ್ಲಿನಲ್ಲಿ: ಅದರ ತಪ್ಪು ಅತಿ ಸಣ್ಣ ಕಲ್ಲಿಗಿಂತಲೂ ಕಡಿಮೆ ಇರಬೇಕು. ಅಷ್ಟು ನಿಖರವಾಗಿ ಸಿಲಿಕಾನಿನಲ್ಲಿ ಕಡೆಯುವುದು ಆ ಕಾಲಕ್ಕೆ ಆಗದ ಮಾತು. ಅದಕ್ಕೆ ಫಿಲಿಪ್ಸ್ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಸಮ ಎನ್ನುವ ಕಲ್ಲುಗಳನ್ನು ಸದಾ ಅದಲು ಬದಲು ಮಾಡುತ್ತಲೇ ಇದ್ದರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಯಲ್ಲಿ ಕಳೆದುಹೋಗುತ್ತದೆ. ಒಳ್ಳೆಯ ಬುದ್ಧಿ ಅದು. ಈ ಚಿಪ್ಪನ್ನು ಲೋಕದ ತುಂಬ ಜನ ಪ್ರೀತಿಸುವುದು ಸುಮ್ಮನೆ ಅಲ್ಲ.

ಹೊಸ ಡ್ಯಾಕ್‌ನ ದಾರಿ ಬೇರೆ. ಅದು ನಮ್ಮ ತೆಂಗಿನ ತೋಟದ ಡ್ರಿಪ್ ಇದ್ದ ಹಾಗೆ. ಕೆಲವೇ ಹಂತಗಳು, ಆದರೆ ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚಿ, ಸರಾಸರಿಯಲ್ಲಿ ಬೇಕಾದಷ್ಟೇ ಹರಿಸುತ್ತದೆ. ಹಾಗೆ ಮಾಡುವಾಗ ಹುಟ್ಟುವ ಗದ್ದಲವನ್ನು ಮನುಷ್ಯರ ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ ಅಲ್ಲಿ ಸೋಸಿಬಿಡುತ್ತದೆ. ಅಳತೆಯಲ್ಲಿ ಹೊಸದು ಮುಂದು, ಅದರಲ್ಲಿ ವಾದವಿಲ್ಲ. ಹಾಗಂತ ಹೊಸದು ಶಾಶ್ವತ ಅಂದುಕೊಳ್ಳಬೇಡಿ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಒಂದು ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದು, ಆವತ್ತಿನವರೆಗೆ ಬಹಳಷ್ಟು ಡ್ಯಾಕುಗಳಲ್ಲಿ ಕೂರುತ್ತಿದ್ದ ಹೊಸ ಚಿಪ್ಪುಗಳು ಇದ್ದಕ್ಕಿದ್ದಂತೆ ಸಿಗದಾದವು.

ನಮ್ಮ ಪೆಟ್ಟಿಗೆ ಗೊಂಯ್ ಅನ್ನುವುದು ಚಿಪ್ಪಿನ ದೋಷದಿಂದಲ್ಲ. ವಿದ್ಯುತ್ತನ್ನು ಹದಗೊಳಿಸುವ ಕೆಪಾಸಿಟರುಗಳು ಒಣಗಿವೆ. ಅವುಗಳೊಳಗೆ ದ್ರವವಿರುತ್ತದೆ, ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ರಿಪೇರಿಯವರ ಲೆಕ್ಕ. ಈ ಚಿಪ್ಪೋ ಬಿಸಿ ಕಾರುವ ಜಾತಿ, ಮೇಲೆ ನಮ್ಮ ಊರುಗಳ ಏರಿಳಿಯುವ ವೋಲ್ಟೇಜು. 50 ಹರ್ಟ್ಸ್ ಕರೆಂಟು ರೆಕ್ಟಿಫೈಯರ್ ದಾಟಿದಾಗ 100 ಹರ್ಟ್ಸ್ ಅಲುಗಾಟವಾಗುತ್ತದೆ, ಒಣಗಿದ ಕೆಪಾಸಿಟರ್ ಅದನ್ನು ತಡೆಯಲಾರದು, ಅದೇ ಗೊಂಯ್. ಕೆಪಾಸಿಟರ್ ಬದಲಿಸಬಹುದು, ದುಬಾರಿಯೂ ಅಲ್ಲ. ಆದರೆ ಚಿಪ್ಪು ಹೋದರೆ ಕಷ್ಟ. ಅದನ್ನು ಮಾಡುವುದು ನಿಂತು ಎಷ್ಟೋ ಕಾಲವಾಯಿತು, ಮಾರಾಟಕ್ಕೆ ಸಿಗುವುದರಲ್ಲಿ ನಕಲಿ ಬಹಳ. ಬೇಡಿಕೆ ಇದೆಯೆಂದು ಮೇಲಿನ ಅಕ್ಷರ ಉಜ್ಜಿ ಹೊಸ ಹೆಸರು ಬರೆದು ಮಾರುವವರಿದ್ದಾರೆ. ಭಗವಾನರು ಎಂಬತ್ತನೇ ವಯಸ್ಸಿನಲ್ಲಿ ತಮ್ಮ ದೇಹವನ್ನು ಪಟ್ಟಿ ಕಟ್ಟಿಕೊಂಡು ಹೇಗೋ ಸಾಗುವ ಹಳೆಯ ಬಂಡಿಗೆ ಹೋಲಿಸಿದ್ದು ಮಹಾಪರಿನಿಬ್ಬಾಣ ಸುತ್ತದಲ್ಲಿದೆ.

ಇನ್ನು "ಮೇಷ್ಟ್ರ ದನಿ ಬರಲ್ಲ" ಎಂಬ ಮಾತು. ಇದನ್ನು ನಕ್ಕು ತಳ್ಳುವುದು ಸರಿಯಲ್ಲ, ಕೈಮುಗಿದು ಒಪ್ಪುವುದೂ ಸರಿಯಲ್ಲ. ಕಾಲಾಮರಿಗೆ ಹೇಳಿದ್ದು ನಮಗೆ ಗೊತ್ತು: ಪರಂಪರೆಯಿಂದ ಬಂತೆಂದೋ ಗುರುಗಳದೆಂದೋ ಒಪ್ಪಬೇಡಿ, ನೀವೇ ತಿಳಿಯಿರಿ. ಹಾಗಾಗಿ ಪರೀಕ್ಷೆ ಮಾಡಿದೆವು. ಪರೀಕ್ಷೆಯ ಕ್ರಮ ಮುಖ್ಯ, ಯಾಕೆಂದರೆ ಕಿವಿಗೆ ಒಂದು ಚಾಳಿ ಇದೆ. ಎರಡರಲ್ಲಿ ಒಂದು ಕೊಂಚ ಜೋರಾಗಿದ್ದರೆ ಜೋರು ಎಂದು ಗೊತ್ತಾಗುವುದಿಲ್ಲ, "ಚೆನ್ನಾಗಿದೆ, ತುಂಬಿದೆ" ಎಂದು ಅನ್ನಿಸುತ್ತದೆ. ಎರಡು ಪೆಟ್ಟಿಗೆಗಳ ಔಟ್‌ಪುಟ್ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಆದ್ದರಿಂದ 100 ಹರ್ಟ್ಸಿನ ಒಂದೇ ಸ್ವರವನ್ನು ಎರಡರಲ್ಲೂ ನುಡಿಸಿ, ಸ್ಪೀಕರಿನ ತಂತಿಗೆ ಮಲ್ಟಿಮೀಟರ್ ಇಟ್ಟು, ವೋಲ್ಟೇಜು ನೂರಕ್ಕೆ ಒಂದು ಪಾಲಿನೊಳಗೆ ಹೊಂದುವವರೆಗೆ ವಾಲ್ಯೂಮ್ ತಿರುಗಿಸಿ ಗುರುತು ಹಾಕಿಕೊಂಡೆವು. ಸಾಮಾನ್ಯ ಮೀಟರುಗಳು ಮೇಲಿನ ಸ್ವರಗಳನ್ನು ಸರಿಯಾಗಿ ಅಳೆಯವು, ಅದಕ್ಕೇ ಕೆಳಗಿನ ಸ್ವರ. ಆಮೇಲೆ ಒಂದು ಬೆಡ್‌ಶೀಟ್ ಅಡ್ಡ ಕಟ್ಟಿ, ಒಬ್ಬ ಹಿಂದೆ ಕೂತು ನಾಣ್ಯ ಚಿಮ್ಮಿ ಹಳೆಯದೋ ಹೊಸದೋ ಹಾಕುವುದು, ಮಿಕ್ಕವರು ಮಾತಾಡದೆ ಚೀಟಿಯಲ್ಲಿ ಬರೆಯುವುದು. ಹತ್ತು ಸಲ. ಕಣ್ಣುಮುಚ್ಚಿ ಊಹಿಸಿದರೂ ಐದು ಸರಿಯಾಗುತ್ತದೆ. ಬರೀ ಊಹೆಯಿಂದ ಹತ್ತಕ್ಕೆ ಒಂಬತ್ತು ಅಥವಾ ಹತ್ತೂ ಸರಿಯಾಗುವುದು ನೂರಕ್ಕೆ ಒಂದು ಸಲ ಅಷ್ಟೇ. ನೀವೂ ಮನೆಯಲ್ಲಿ ಮಾಡಬಹುದು.

ಚೀಟಿ ತೆಗೆದಾಗ ಹೆಚ್ಚಿನವರದು ಊಹೆಯೇ. ಆ ಹಿರಿಯ ಉಪಾಸಿಕೆ ಮಾತ್ರ ಹಳೆಯದನ್ನು ತಪ್ಪದೆ ಹಿಡಿದರು. ಎಲ್ಲರಿಗೂ ಆಶ್ಚರ್ಯ. "ಅಕ್ಕಾ, ಹೇಗೆ?" ಎಂದರೆ, "ಮೇಷ್ಟ್ರು ಒಂದು ಸಾಲು ಹೇಳಿ ಉಸಿರು ತಗೋತಾರಲ್ಲ, ಆಗ ಗೊಂಯ್ ಅನ್ನುತ್ತಲ್ಲ, ಅದೇ" ಅಂದರು.

ನನಗೆ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಉತ್ತರ. ಅವರ ಕಿವಿ ನಮ್ಮೆಲ್ಲರಿಗಿಂತ ಚುರುಕು, ಅವರು ಹೇಳಿದ್ದು ನಿಜ. ಆದರೆ ಅವರು ಗುರುತಿಸಿದ್ದು ಮೇಷ್ಟ್ರ ದನಿಯನ್ನಲ್ಲ, ಒಣಗಿದ ಕೆಪಾಸಿಟರನ್ನು. ಇಷ್ಟು ವರ್ಷ ಎರಡೂ ಒಟ್ಟಿಗೇ ಕೇಳಿ ಒಂದೇ ಆಗಿಬಿಟ್ಟಿವೆ. ಕಿವಿ, ಶಬ್ದ, ಎರಡರ ಸ್ಪರ್ಶ, ಅದರಿಂದ ವೇದನೆ, ವೇದನೆಯಿಂದ ಹಿಡಿತ ಎಂದು ಪುಸ್ತಕದಲ್ಲಿ ಓದುವ ಸರಪಳಿ ಅವತ್ತು ಆ ಬೆಡ್‌ಶೀಟಿನ ಮುಂದೆ ಕಂಡಿತು. ಆ ಗೊಂಯ್ ಮೇಲೆ ಅವರಿಗಿರುವ ಪ್ರೀತಿಯೂ ಸುಳ್ಳಲ್ಲ. ಅದನ್ನು ಗೊಂಯ್ ಮೇಲಿನ ಪ್ರೀತಿ ಎಂದೇ ಕರೆದರೆ ಯಾರಿಗೂ ತಕರಾರಿಲ್ಲ.

ಹಾಗಾದರೆ ಮೇಷ್ಟ್ರ ದನಿ ಎಲ್ಲಿದೆ? ಸಿ.ಡಿ.ಯಲ್ಲಿ. ಅಂಗಡಿಯಲ್ಲಿ ಕೊಳ್ಳುವ ಅಚ್ಚಿನ ಸಿ.ಡಿ. ಅಲ್ಲ ಅದು, ಕಂಪ್ಯೂಟರಿನಲ್ಲಿ ಬರೆದದ್ದು. ಅಚ್ಚಿನ ಸಿ.ಡಿ.ಯಲ್ಲಿ ಅಂಕಿಗಳು ಪ್ಲಾಸ್ಟಿಕ್ಕಿನ ಗುಳಿಗಳು. ಬರೆದ ಸಿ.ಡಿ.ಯಲ್ಲಿ ಅವು ಬಣ್ಣದ ಪದರದಲ್ಲಿ ಲೇಸರ್ ಸುಟ್ಟ ಕಲೆಗಳು, ಆ ಬಣ್ಣ ಬಿಸಿಲಿಗೆ, ಶಾಖಕ್ಕೆ ಮಾಸುತ್ತದೆ. ನಮ್ಮದರ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದಿದೆ, ಅಂಚಿನಲ್ಲಿ ಗೀರಿದೆ. ಮೂರು ತಿಂಗಳಿಂದ ನಾವು ಪೆಟ್ಟಿಗೆಯ ಅನಿತ್ಯವನ್ನು ಚರ್ಚಿಸುತ್ತಿದ್ದೇವೆ, ಮಾಸುತ್ತಿರುವುದು ತಟ್ಟೆ. ಡ್ಯಾಕ್ ಕೆಟ್ಟರೆ ಬೇರೆಯದು ಬರುತ್ತದೆ. ಆ ತಟ್ಟೆ ಓದದಾದ ದಿನ ಯಾವ ಡ್ಯಾಕೂ, ಎಷ್ಟು ಹಳೆಯದಾದರೂ ಎಷ್ಟು ಹೊಸದಾದರೂ, ಏನೂ ಮಾಡಲಾರದು.

ಪಾಳಿ ತಿಪಿಟಕ ನೂರಾರು ವರ್ಷ ಭಿಕ್ಷುಗಳ ನೆನಪಿನಲ್ಲಿತ್ತು. ಕ್ರಿ.ಪೂ. ಒಂದನೇ ಶತಮಾನದಲ್ಲಿ ಸಿಂಹಳದಲ್ಲಿ ಓಲೆಗರಿಗೆ ಇಳಿಯಿತು. ಓಲೆಗರಿಯೂ ಹುಳ ತಿಂದು, ಒಣಗಿ ಮುರಿದು ಹೋಗುವಂಥದ್ದೇ. ಮುರಿಯುವ ಮೊದಲೇ ಇನ್ನೊಬ್ಬರು ನಕಲು ಮಾಡಿದ್ದರಿಂದ ಇವತ್ತು ನಮ್ಮ ಫೋನಿನವರೆಗೆ ಬಂದಿದೆ. ನಮ್ಮ ಪಕ್ಕದ ಉದಾಹರಣೆಯೂ ಇದೆ. ಬೇಲೂರಿನ ಗುಡಿಗೆ ಮೊದಲು ಇಟ್ಟಿಗೆ ಗಾರೆಯ ಶಿಖರವಿತ್ತು, ಕೆಳಗಿನ ಕಲ್ಲುಕಟ್ಟಡ ಉಳಿಯಲಿ ಎಂದು 1879ರಲ್ಲಿ ಅದನ್ನು ಇಳಿಸಿದರು. ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ತಮ್ಮ ಕೊಲಂಬಿಯಾದ ಗುರು ಜಾನ್ ಡ್ಯೂಯಿ ಅವರನ್ನು ನೆನೆಯುವುದೂ ಇಂಥದ್ದಕ್ಕೇ: ಹಿಂದಿನಿಂದ ಬಂದದ್ದರಲ್ಲಿ ಒಣಮರವೂ ಇರುತ್ತದೆ, ಎಲ್ಲವನ್ನೂ ಮುಂದಿನವರ ತಲೆಗೆ ಹೊರಿಸಬೇಕಿಲ್ಲ, ಆರಿಸಿ ಕೊಡಬೇಕು.

ಆರಿಸುವ ಕೆಲಸ ಹೀಗೆ ನಡೆಯಲಿ ಎಂದು ಬಳಗ ತೀರ್ಮಾನಿಸಿದೆ. ವಂದನೆಗೆ ಇನ್ನು ಮುಂದೆ ಸಣ್ಣ ಹೊಸ ಡ್ಯಾಕ್. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದಿಲ್ಲ, ಬುದ್ಧರ ಪಟದ ಪಕ್ಕ ಇಟ್ಟು ಊದುಬತ್ತಿ ಹಚ್ಚುವುದಂತೂ ಇಲ್ಲವೇ ಇಲ್ಲ. ಐ.ಟಿ.ಐ. ಓದುತ್ತಿರುವ ನಮ್ಮ ಹುಡುಗನೊಬ್ಬ ಅದರ ಕೆಪಾಸಿಟರುಗಳನ್ನು ಬದಲಿಸಿ ಕಲಿಯುತ್ತಾನೆ. ಸರಿಹೋದರೆ ಮಕ್ಕಳ ಓದುಕೋಣೆಗೆ. ಸರಿಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಬೇರೊಂದು ರಿಪೇರಿಗೆ, ತಗಡಿನ ಡಬ್ಬ ಸ್ಕ್ರೂ ಹಾಕಿಡಲು. ಅಕ್ಕನವರನ್ನು ಕೇಳಿದ್ದಕ್ಕೆ, "ಹುಡುಗ್ರು ಕಲಿಯೋದಾದ್ರೆ ತಗೊಳ್ಳಲಿ, ಮೇಷ್ಟ್ರೂ ಅದನ್ನೇ ಹೇಳ್ತಿದ್ರು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೊಂಯ್ ಸಮೇತ ಒಂದು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡಿ ಎಂದೂ ಕೇಳಿದರು. ಮಾಡಿ ಕೊಟ್ಟಿದ್ದೇವೆ.

ಮುಂದಿನ ಭಾನುವಾರ ಹಳೇಬೀಡಿನಲ್ಲಿ ಸಿ.ಡಿ. ನಕಲು. ಮೂರು ಪ್ರತಿ ಆಗುತ್ತದೆ, ಮೂರೂರಲ್ಲಿ ಒಂದೊಂದು. ನಿಮ್ಮ ಮನೆಗಳಲ್ಲೂ ಧಮ್ಮಗೀತೆ, ಭಾಷಣ, ಮದುವೆಯ ವಂದನೆ, ತೀರಿಹೋದವರ ಮಾತು ಇರುವ ಬರೆದ ಸಿ.ಡಿ.ಗಳೋ ಕ್ಯಾಸೆಟ್ಟುಗಳೋ ಇದ್ದರೆ ತನ್ನಿ. ಬಿಸಿಲಿಗೆ ಹಿಡಿಯಬೇಡಿ, ಬಟ್ಟೆಯಲ್ಲಿ ಒರೆಸುವುದಾದರೆ ಸುತ್ತ ಸುತ್ತ ಒರೆಸದೆ ನಡುವಿನಿಂದ ಅಂಚಿಗೆ ಒರೆಸಿ. ಬೆಳಿಗ್ಗೆ ಹತ್ತಕ್ಕೆ ಶುರು. ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಸಿ.ಡಿ. ಡ್ರೈವ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಈ ಗುಂಪಿನಲ್ಲೇ ತಿಳಿಸಿ, ನಮ್ಮಲ್ಲಿರುವುದು ಒಂದೇ.

ಭವತು ಸಬ್ಬ ಮಂಗಲಂ. ಜೈ ಭೀಮ್.