ವೀರರಾಜಪೇಟೆಯ ಇಗರ್ಜಿ

ಕೊಡಗಿನ ದಕ್ಷಿಣ ಭಾಗದಲ್ಲಿ, ಬೆಟ್ಟದ ಬುಡದಲ್ಲಿ ವೀರರಾಜಪೇಟೆಯೆಂಬ ಊರಿದೆ. ಊರನ್ನು ಸಮೀಪಿಸುವ ಪ್ರಯಾಣಿಕನ ಕಣ್ಣನ್ನು ಸೆಳೆಯುವುದು ಒಂದು ಎತ್ತರವಾದ ಗೋಪುರ. ಅದು ಸಂತ ಅನ್ನಮ್ಮನವರ ಇಗರ್ಜಿಯ ಗೋಪುರ. ಬೆಟ್ಟಗಳ ನಡುವಿನ ಈ ಪುಟ್ಟ ಊರಿಗೆ ಪರದೇಶದ ಈ ವಾಸ್ತುಶೈಲಿ ಬಂದುದು ಹೇಗೆ? ಇದನ್ನು ತಿಳಿಯಲು ಇನ್ನೂರು ವರ್ಷಗಳಿಗೂ ಹಿಂದಿನ ಕಾಲಕ್ಕೆ ಹೋಗಬೇಕು.

1780ರಲ್ಲಿ ಕೊಡಗಿನ ಹಾಲೇರಿ ವಂಶದ ಲಿಂಗರಾಜನು ತೀರಿಕೊಂಡನು. ಅವನ ಮಕ್ಕಳು ಇನ್ನೂ ಎಳೆಯರು. ಹೈದರಾಲಿಯು ರಾಜಕುಟುಂಬವನ್ನು ಗೊರೂರಿನಲ್ಲಿ ಕಾವಲಿನಲ್ಲಿಟ್ಟನು. ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. ಹಿರಿಯ ಕುಮಾರನಾದ ದೊಡ್ಡ ವೀರರಾಜೇಂದ್ರನು 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು, ನಾಡಿನ ಜನರನ್ನು ಒಗ್ಗೂಡಿಸಿ ರಾಜ್ಯವನ್ನು ಮರಳಿ ಪಡೆದನು.

ಅದೇ ಕಾಲದಲ್ಲಿ ಸೆರೆಯ ದುಃಖವನ್ನು ಕಂಡ ಬೇರೊಂದು ಜನಸಮುದಾಯವೂ ಇತ್ತು. 1784ರಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಘಟ್ಟವೇರಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರಲ್ಲಿ ತಪ್ಪಿಸಿಕೊಂಡ ಕೆಲವರು ಕೊಡಗನ್ನು ಸೇರಿದರು. ವೀರರಾಜೇಂದ್ರನು ಲಿಂಗಾಯತ ಧರ್ಮದವನು. ಬಂದವರ ಮತ ಬೇರೆ, ಭಾಷೆ ಬೇರೆ. ಆದರೆ ಸೆರೆಯ ನೋವು ಅವನಿಗೆ ಹೊಸದಾಗಿರಲಿಲ್ಲ. 1792ರಲ್ಲಿ ತನ್ನ ಹೆಸರಿನಲ್ಲಿ ಪೇಟೆಯನ್ನು ಕಟ್ಟಿಸಿದ ಅರಸನು ಅಲ್ಲಿ ಅವರಿಗೆ ನೆಲೆಯನ್ನು ಕೊಟ್ಟನು. ಪ್ರಾರ್ಥನಾಮಂದಿರಕ್ಕಾಗಿ ಭೂಮಿಯನ್ನೂ ಕೊಟ್ಟನು. ಆ ವರ್ಷವೇ ಇಗರ್ಜಿಯು ಸ್ಥಾಪನೆಗೊಂಡಿತು.

ಇಗರ್ಜಿಯ ಕಟ್ಟಡವು ಗಾಥಿಕ್ ಶೈಲಿಯದು. ಈ ಶೈಲಿಯು ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಪ್ಯಾರಿಸ್ ನಗರದ ಸುತ್ತಮುತ್ತ ಹುಟ್ಟಿತು. ಮೊನೆಯಾದ ಕಮಾನು ಇದರ ಮುಖ್ಯ ಲಕ್ಷಣ. ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರದಿಂದ ಗೋಡೆಗಳನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತದೆ. ಮೊನೆಯಾದ ಕಮಾನು ಆ ಭಾರದ ಬಹುಭಾಗವನ್ನು ಕೆಳಕ್ಕೆ ಇಳಿಸುತ್ತದೆ. ಆದುದರಿಂದ ಕಟ್ಟಡವನ್ನು ಎತ್ತರಿಸಿ, ದೊಡ್ಡ ಕಿಟಕಿಗಳಿಂದ ಒಳಗೆ ಬೆಳಕು ತುಂಬುವಂತೆ ಮಾಡಲು ಸಾಧ್ಯವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು, ಕೊಡಗುಗಳ ಕ್ಯಾಥೊಲಿಕ್ ಸಮುದಾಯದಲ್ಲಿ ಸೇವೆ ಸಲ್ಲಿಸಿದವರಲ್ಲಿ ಫ್ರಾನ್ಸಿನ ಪಾದ್ರಿಗಳು ಅನೇಕರಿದ್ದರು.

ಕೊಡಗಿನಲ್ಲಿ ಹೀಗೆ ಹಲವು ಶೈಲಿಗಳು ನೆಲೆ ಕಂಡಿವೆ. ವೀರರಾಜೇಂದ್ರನ ತಮ್ಮನಾದ ಲಿಂಗರಾಜೇಂದ್ರನು 1820ರಲ್ಲಿ ಮಡಿಕೇರಿಯಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನೇ ನೋಡಬಹುದು. ಶಿವನ ಆ ಗುಡಿಯ ನಡುವೆ ಗುಮ್ಮಟವಿದೆ. ನಾಲ್ಕು ಮೂಲೆಗಳಲ್ಲಿ ಮಿನಾರುಗಳನ್ನು ಹೋಲುವ ಗೋಪುರಗಳಿವೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಸೆರೆಯಿಂದ ಬಿಡುಗಡೆಯಾದ ಅನೇಕರು ಕರಾವಳಿಗೆ ಹಿಂದಿರುಗಿದರು. ಕೊಡಗಿನಲ್ಲಿ ಉಳಿದವರು ಈ ನಾಡಿನವರೇ ಆದರು. ಅಂದಿನ ಯುದ್ಧಗಳು ಮುಗಿದುವು, ಅರಸೊತ್ತಿಗೆಯೂ ಅಳಿಯಿತು. ಆದರೆ ನೊಂದವನೊಬ್ಬನು ನೊಂದವರಿಗೆ ಕೊಟ್ಟ ನೆಲದಲ್ಲಿ ಇಗರ್ಜಿಯು ಇಂದಿಗೂ ನಿಂತಿದೆ. ಹಳೆಯ ಕಟ್ಟಡದ ಮುಂದೆ ನಿಂತಾಗ ಅದರ ಎತ್ತರವನ್ನಷ್ಟೇ ಅಳೆದರೆ ಸಾಲದು. ಅದಕ್ಕೆ ಜಾಗ ಕೊಟ್ಟ ಮನಸ್ಸಿನ ಎತ್ತರವನ್ನೂ ನಾವು ಅರಿಯಬೇಕು.