ಧಣಿಯ ತಪ್ಪು ಮತ್ತು ಸಾಕ್ಷಿಯ ಹೊಣೆ

ಮಹಾಕೂಟದ ಸಮೀಪದ ಹಳ್ಳಿಯ ಸಹೋದರರೊಬ್ಬರು ಸೌದಿ ಅರೇಬಿಯದಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ್ದಾರೆ. ಒಂದು ಶುಕ್ರವಾರ ಬಾದಾಮಿಯಲ್ಲಿ ಜುಮಾ ನಮಾಝಿನ ಬಳಿಕ ನನ್ನ ಪಕ್ಕದಲ್ಲಿ ಕುಳಿತು ಮನಸ್ಸಿನ ಭಾರವನ್ನು ಹೇಳಿಕೊಂಡರು.

"ಮೌಲಾನಾ, ನನ್ನ ಧಣಿ ಬೇರೆಯವರ ವೀಸಾದ ಮೇಲೆ ಬಂದವರನ್ನೂ, ಇಕಾಮಾ ಮುಗಿದವರನ್ನೂ ಕಡಿಮೆ ಪಗಾರಕ್ಕೆ ಇಟ್ಟುಕೊಂಡಿದ್ದ. ನಾಲ್ಕು ತಿಂಗಳ ಪಗಾರ ಬಾಕಿ ಇಟ್ಟಿದ್ದ. ದೂರು ಕೊಟ್ಟರೆ ಆ ಬಡವರು ಜೈಲಿಗೆ ಹೋಗುತ್ತಿದ್ದರು. ನಾನು ಸುಮ್ಮನಿದ್ದೆ. ಅದು ಪಾಪವೇ?"

ಪ್ರಿಯ ಓದುಗರೇ, ಇದು ಒಬ್ಬರ ಪ್ರಶ್ನೆಯಲ್ಲ. ನಮ್ಮ ಭಾಗದ ಎಷ್ಟೋ ಜನರು ಗೋವಾ, ಮಂಗಳೂರು, ಕೊಲ್ಲಿ ನಾಡುಗಳಿಗೆ ದುಡಿಯಲು ಹೋದವರೇ.

ಮೊದಲು ಒಂದು ಮಾತು. ವೀಸಾ ಒಂದು ಕರಾರು. ಕರಾರನ್ನು ಪಾಲಿಸಬೇಕೆಂದು ಪವಿತ್ರ ಕುರ್‌ಆನ್ (5:1) ಆಜ್ಞಾಪಿಸಿದೆ. ಆದ್ದರಿಂದ ಇಂತಹ ನೇಮಕಾತಿಯನ್ನು ಸರಿಯೆನ್ನಲಾಗದು. ಆದರೆ ಧಣಿಯ ತಪ್ಪನ್ನೂ ಕೂಲಿಯವನ ಅಸಹಾಯಕತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರವಾದಿ ಮೂಸಾ(ಅ) ಪ್ರಾಣಭಯದಿಂದ ಮದ್‌ಯನಿಗೆ ಬಂದಾಗ ಪರದೇಶಿಯೇ ಆಗಿದ್ದರು. ಅಲ್ಲಿನ ವೃದ್ಧರು ಅವರಿಗೆ ಅಭಯವಿತ್ತು, ಕೆಲಸದ ಅವಧಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಿ, ಕಷ್ಟ ಕೊಡುವುದಿಲ್ಲವೆಂದು ಮಾತು ಕೊಟ್ಟರು. ಅಲ್ ಕಸಸ್ ಅಧ್ಯಾಯದಲ್ಲಿ (28:25-28) ಇದನ್ನು ಓದಿರಿ. ಪರದೇಶಿಯನ್ನು ದುಡಿಸಿಕೊಳ್ಳುವವನಿಗೆ ಇದಕ್ಕಿಂತ ಮೇಲಾದ ಮಾದರಿ ಬೇಕೇ?

ಹಾಗಾದರೆ ದೂರು ಕೊಡುವ ವಿಚಾರ? ನಾಲ್ಕು ವಿಷಯಗಳನ್ನು ನೋಡಬೇಕು.

ಒಂದು, ಉದ್ದೇಶ. ಬಡ್ತಿ ಸಿಗದ ಸಿಟ್ಟಿಗೆ, ಮತ್ಸರಕ್ಕೆ ಕೊಟ್ಟ ದೂರು ನ್ಯಾಯದ ಬಟ್ಟೆ ತೊಟ್ಟ ಸೇಡು. ದ್ವೇಷವು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂಬುದು ಕುರ್‌ಆನಿನ (5:8) ಬೋಧನೆ.

ಎರಡು, ಖಾತ್ರಿ. ಗೂಢಚರ್ಯೆಯನ್ನು ಕುರ್‌ಆನ್ (49:12) ನಿಷೇಧಿಸಿದೆ, ಸುದ್ದಿಯನ್ನು ಪರಿಶೀಲಿಸಲು (49:6) ಹೇಳಿದೆ. ನಮ್ಮ ನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಂಗಾಳಿ ಮಾತನಾಡಿದ ಮಾತ್ರಕ್ಕೆ ಕೂಲಿಯವನು ಹೊರದೇಶದವನಾಗುವುದಿಲ್ಲ. ಪಶ್ಚಿಮ ಬಂಗಾಳದವನೂ ಭಾರತೀಯನೇ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಯಾರು ವಿದೇಶಿ ಎಂದು ತೀರ್ಮಾನಿಸುವುದು ಕಾನೂನಿನ ಕೆಲಸ, ನೆರೆಯವನ ಊಹೆಯದ್ದಲ್ಲ.

ಮೂರು, ಹಿತವಚನ. ದಬ್ಬಾಳಿಕೆ ಮಾಡುವ ಸಹೋದರನಿಗೂ ನೆರವಾಗಿರಿ, ಅವನ ಕೈ ಹಿಡಿದು ತಡೆಯುವುದೇ ಆ ನೆರವು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಆದ್ದರಿಂದ ಮೊದಲು ಧಣಿಗೆ ಏಕಾಂತದಲ್ಲಿ ಹೇಳಬೇಕು. ದಾರಿಗಳೂ ಇರುತ್ತವೆ. 2013ರ ಏಪ್ರಿಲ್‌ನಲ್ಲಿ ಸೌದಿ ಸರಕಾರವು ಕಾಗದಪತ್ರ ಸರಿಪಡಿಸಿಕೊಳ್ಳಲು, ಇಲ್ಲವೇ ದಂಡವಿಲ್ಲದೆ ಊರಿಗೆ ಮರಳಲು ಕಾಲಾವಕಾಶ ಕೊಟ್ಟು, ಅದನ್ನು ನವೆಂಬರ್ 3ರವರೆಗೆ ಮುಂದುವರಿಸಿತ್ತು. ಇಂತಹ ಸುದ್ದಿಯನ್ನು ಕೂಲಿಯವರಿಗೆ ತಲುಪಿಸಿ ರಾಯಭಾರ ಕಚೇರಿಯ ದಾರಿ ತೋರಿಸುವುದು ದೂರಿಗಿಂತ ಮೊದಲಿನ ಕರ್ತವ್ಯ.

ನಾಲ್ಕು, ಜುಲ್ಮ್. ಪಗಾರ ನುಂಗುವುದು, ಪಾಸ್‌ಪೋರ್ಟ್ ಕಸಿದಿಡುವುದು, ಕೂಡಿಹಾಕುವುದು ಕಂಡ ಮೇಲೂ ಹಿತವಚನ ವ್ಯರ್ಥವಾದರೆ ಮೌನಕ್ಕೆ ಅವಕಾಶವಿಲ್ಲ. ದುಡಿಸಿಕೊಂಡು ಕೂಲಿ ಕೊಡದವನಿಗೆ ಅಂತ್ಯದಿನ ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂದು ಬುಖಾರಿಯ ಹದೀಸ್ ಎಚ್ಚರಿಸಿದೆ. ಆಗ ಕೂಲಿಯವರೊಂದಿಗೆ ಸಮಾಲೋಚಿಸಿ, ಅವರ ಬಾಕಿ ಕೈಸೇರುವ ರೀತಿಯಲ್ಲಿ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಅಧಿಕಾರಿ ಕೇಳಿದರೆ ಸುಳ್ಳಾಡಬಾರದು. ಸಾಕ್ಷ್ಯ ಮುಚ್ಚಿಡುವವನ ಹೃದಯವೇ ಪಾಪಿಯೆಂದು ಕುರ್‌ಆನ್ (2:283) ಸಾರಿದೆ.

ಆ ಸಹೋದರರಿಗೆ ನಾನು ಮರುಪ್ರಶ್ನೆ ಹಾಕಿದೆ: "ನೀವು ಸುಮ್ಮನಿದ್ದುದು ಅವರ ಮೇಲಿನ ದಯೆಯಿಂದಲೋ, ನೌಕರಿಯ ಭಯದಿಂದಲೋ?"

ಬಹಳ ಹೊತ್ತು ತಲೆ ತಗ್ಗಿಸಿದ್ದು, "ಎರಡೂ ಇತ್ತು ಮೌಲಾನಾ" ಎಂದರು.

ದಯೆಗೆ ಅಲ್ಲಾಹನ ಬಳಿ ಪ್ರತಿಫಲವಿದೆ, ಭಯಕ್ಕೆ ತೌಬಾ ಇದೆ ಎಂದೆ. ಆದರೆ ಇನ್ನೊಬ್ಬರ ಹಕ್ಕು ಉಳಿದಿರುವಾಗ ನಾಲಿಗೆಯ ತೌಬಾ ಮಾತ್ರ ಸಾಲದು. ಜೊತೆಗಿದ್ದವರಲ್ಲಿ ಒಬ್ಬರ ವಿಳಾಸ ಇವರ ಬಳಿ ಇತ್ತು. ಅವರಿಗೆ ಪತ್ರ ಬರೆದು, ಬಾಕಿ ಪಗಾರಕ್ಕೆ ಅವರು ಅರ್ಜಿ ಹಾಕುವುದಾದರೆ ಸಾಕ್ಷಿ ಹೇಳಲು ಸಿದ್ಧನೆಂದು ತಿಳಿಸಬೇಕೆಂದು ಗೊತ್ತಾಯಿತು. ತಡವಾದ ಸಾಕ್ಷಿಯೂ ಸಾಕ್ಷಿಯೇ.

ಓದುಗರೇ, ನಮ್ಮ ಗದ್ದೆ, ಅಂಗಡಿ, ಕಲ್ಲುಗಣಿಗಳಲ್ಲಿ ದುಡಿಯುವ ಅಪರಿಚಿತನನ್ನು ಒಮ್ಮೆ ನೋಡಿರಿ. ಅವನ ಲೆಕ್ಕ ಚುಕ್ತಾ ಆಗಿದೆಯೇ? ಪರರ ಧಣಿಯನ್ನು ತೂಗುವ ಮುಂಚೆ ನಮ್ಮನ್ನು ತೂಗಿಕೊಳ್ಳೋಣ. ಸತ್ಯ ನುಡಿಯುವ ಧೈರ್ಯವನ್ನೂ ದಯೆ ತೋರುವ ಹೃದಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.