ಮರ ಕೊಯ್ಯುವ ಮಷಿನ್ನಿನ ನೇರಕ್ಕೆ ಏಕೆ ನಿಲ್ಲಬಾರದು?

ಭಾನುವಾರ ಬಂತೆಂದರೆ ನಮ್ಮ ಶಾಲೆಯ ಅನೇಕ ಹುಡುಗರು ಹಂಡೆ ಒಲೆಗೆ ಹೊಟ್ಟು ತರಲು ಚೀಲ ಹಿಡಿದು ಮರಗೆಲಸದ ಅಂಗಡಿಗೆ ಹೋಗುತ್ತಾರೆ. ಹೊಟ್ಟು ತುಂಬುವುದು ಐದು ನಿಮಿಷ, ಮಷಿನ್ ನೋಡುತ್ತಾ ನಿಲ್ಲುವುದು ಅರ್ಧ ಗಂಟೆ! ಚೆನ್ನಾಗಿ ಕಾಣುತ್ತದೆ ಎಂದು ಬ್ಲೇಡಿನ ನೇರಕ್ಕೇ ನಿಲ್ಲುತ್ತಾರೆ. ಆ ಅಂಗಡಿಯಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಮರಗೆಲಸ ಮಾಡುವ ನಮ್ಮ ದೊಡ್ಡಪ್ಪನವರನ್ನು ಕೇಳಿ ತಿಳಿದುಕೊಂಡು ಇದನ್ನು ಬರೆದಿದ್ದೇನೆ.

ಈ ಯಂತ್ರದ ಹೆಸರು ಟೇಬಲ್ ಸಾ. ನಮ್ಮೂರಲ್ಲಿ ಕಟಿಂಗ್ ಮಷಿನ್ ಅಂತಾರೆ. ಕಬ್ಬಿಣದ ಮೇಜು, ಅದರ ನಡುವೆ ಒಂದು ಸೀಳು, ಸೀಳಿನಿಂದ ಮೇಲಕ್ಕೆ ಬಂದಿರುವ ದುಂಡನೆಯ ಗರಗಸ. ಕೈಗರಗಸದಲ್ಲಾದರೆ ಮರ ಸುಮ್ಮನಿರುತ್ತದೆ, ಗರಗಸ ಓಡಾಡುತ್ತದೆ. ಇದರಲ್ಲಿ ಗರಗಸ ಇದ್ದಲ್ಲೇ ತಿರುಗುತ್ತದೆ, ಮರವನ್ನು ನಾವು ತಳ್ಳಬೇಕು. ಅಂದರೆ ಪ್ರತಿ ಸಲವೂ ಕೈ ಬ್ಲೇಡಿನ ಕಡೆಗೇ ಹೋಗುತ್ತಿರುತ್ತದೆ.

ಅದರ ವೇಗವನ್ನು ನಾನು ಲೆಕ್ಕ ಮಾಡಿದೆ. ಪರಿಧಿಯ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ಬ್ಲೇಡಿನ ವ್ಯಾಸ 10 ಇಂಚು, ಅಂದರೆ ಸುಮಾರು 25 ಸೆಂ.ಮೀ. ಪರಿಧಿ 3.14 × 25 = 78.5 ಸೆಂ.ಮೀ. ಮೋಟರಿನ ತಗಡಿನ ಮೇಲೆ ನಿಮಿಷಕ್ಕೆ 2880 ಸುತ್ತು ಎಂದು ಬರೆದಿದೆ. ಎರಡು ಪುಲ್ಲಿಯೂ ಒಂದೇ ಅಳತೆ ಆದ್ದರಿಂದ ಬ್ಲೇಡೂ ಅಷ್ಟೇ ತಿರುಗುತ್ತದೆ. ಲೆಕ್ಕ ಸುಲಭವಾಗಲಿ ಎಂದು 3000 ಹಿಡಿದೆ. 78.5 × 3000 = 2,35,500 ಸೆಂ.ಮೀ., ಅಂದರೆ ನಿಮಿಷಕ್ಕೆ 2355 ಮೀಟರ್. ಗಂಟೆಗೆ 141 ಕಿ.ಮೀ.! ನಮ್ಮೂರ ಬಸ್ಸು 50ರಲ್ಲಿ ಹೋದರೇ ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಬ್ಲೇಡಿಗೆ 40 ಹಲ್ಲು, ಸೆಕೆಂಡಿಗೆ 50 ಸುತ್ತು. ಆದ್ದರಿಂದ ಸೆಕೆಂಡಿಗೆ 2000 ಹಲ್ಲು. ತಗುಲಿತು ಎಂದು ಗೊತ್ತಾಗಿ ಕೈ ಎಳೆದುಕೊಳ್ಳಲು ಕಾಲು ಸೆಕೆಂಡ್ ಬೇಕೆಂದರೂ ಅಷ್ಟರಲ್ಲಿ 500 ಹಲ್ಲು ಹೋಗಿರುತ್ತವೆ. "ನಾನು ಹುಷಾರಾಗಿರ್ತೀನಿ ಬಿಡು" ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ಮುಖ್ಯ ವಿಷಯ, ಬ್ಲೇಡ್ ತಿರುಗುವ ದಿಕ್ಕು. ಪಕ್ಕದ ಚಿತ್ರದಲ್ಲಿ ಬಾಣದ ಗುರುತು ನೋಡಿ. ಕೆಲಸಗಾರನ ಕಡೆಗಿರುವ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಮರವನ್ನು ಮೇಜಿಗೆ ಒತ್ತಿ ಕೊಯ್ಯುತ್ತವೆ. ಹಿಂದಿನ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಕೊಯ್ದ ಹಲಗೆ ಈ ಹಿಂದಿನ ಹಲ್ಲಿಗೆ ಸಿಕ್ಕಿಕೊಂಡರೆ, ಬ್ಲೇಡು ಅದನ್ನು ಎತ್ತಿ ಕೆಲಸಗಾರನ ಕಡೆಗೇ ಎಸೆಯುತ್ತದೆ. ಹಲಗೆ ಬಾಣದ ಹಾಗೆ ಬರುತ್ತದೆ. ಅದನ್ನು ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಜಾರಲೂಬಹುದು. "ಮಷಿನ್ ವಾಪಸ್ ಹೊಡೀತದೆ ಮಗ, ಅದಕ್ಕೆ ನಾನೂ ನೇರಕ್ಕೆ ನಿಂತ್ಕಳಲ್ಲ, ಒಂದು ಪಕ್ಕಕ್ಕೆ ನಿಂತ್ಕತೀನಿ" ಎಂದರು ದೊಡ್ಡಪ್ಪ.

ಹಲಗೆ ಏಕೆ ಸಿಕ್ಕಿಕೊಳ್ಳುತ್ತದೆ? ತಳ್ಳುವಾಗ ಹಲಗೆ ಓರೆಯಾದರೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೇಜಿನ ಮೇಲೆ ಗೈಡ್ ಎಂಬ ಉದ್ದ ಪಟ್ಟಿ ಇರುತ್ತದೆ. ಅದು ಬ್ಲೇಡಿಗೆ ಸಮಾಂತರವಾಗಿರಬೇಕು, ಹಲಗೆ ಅದಕ್ಕೆ ಅಂಟಿಕೊಂಡೇ ಹೋಗಬೇಕು. ಇನ್ನೊಂದು ಕಾರಣ ಮರದ ಗುಣ. ನೀಲಗಿರಿ ಮರದೊಳಗೆ ಬಿಗಿತ ಜಾಸ್ತಿ, ಕೊಯ್ಯುತ್ತಿದ್ದಂತೆಯೇ ಬಾಗುತ್ತದೆ. ಹಾಗೆ ಬಾಗಿ ಸೀಳು ಮುಚ್ಚಿಕೊಂಡರೆ ಬ್ಲೇಡನ್ನು ಹಿಡಿದುಬಿಡುತ್ತದೆ. ಸೀಳು ಮುಚ್ಚದಿರಲೆಂದು ಬ್ಲೇಡಿನ ಬೆನ್ನಿಗೆ ಒಂದು ಉಕ್ಕಿನ ತಗಡು, ಬೆರಳು ತಾಗದಿರಲೆಂದು ಮೇಲೊಂದು ಮುಚ್ಚಳ ಕೊಟ್ಟಿರುತ್ತಾರೆ. ಅನೇಕರು ಅಡ್ಡ ಬರುತ್ತದೆ ಎಂದು ಇವೆರಡನ್ನೂ ಬಿಚ್ಚಿ ಮೂಲೆಗೆ ಹಾಕುತ್ತಾರೆ. ಅಪಾಯದ ಯಂತ್ರಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು.

ಹಲಗೆಯ ಕೊನೆಯನ್ನು ಕೈಯಿಂದ ತಳ್ಳಬಾರದು. ಪ್ಲೈವುಡ್ ಚೂರಿನಲ್ಲಿ ಒಂದು ಕೋಲು ಮಾಡಿ, ತುದಿಗೆ ಹಕ್ಕಿ ಬಾಯಿ ತೆರೆದಂತೆ ಕಚ್ಚು ಹಾಕಿ, ಅದರಿಂದ ತಳ್ಳಬೇಕು. ಬ್ಲೇಡು ಹಲಗೆಗಿಂತ ಒಂದು ಹಲ್ಲಿನಷ್ಟು ಮೇಲಿದ್ದರೆ ಸಾಕು. ಹೆಗಲ ಮೇಲೆ ಟವೆಲ್, ಕೈಯಲ್ಲಿ ದಾರ, ಉಂಗುರ ಇರಬಾರದು. ಕೈಗವಸು ಕೂಡ ಬೇಡ! ಅದು ರಕ್ಷಣೆಗೆ ಅಂತ ಅನ್ನಿಸುತ್ತದೆ, ಆದರೆ ಅದರ ನೂಲು ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಕಣ್ಣಿಗೆ ಮಾತ್ರ ಕನ್ನಡಕ ಬೇಕು.

ಕರೆಂಟ್ ಹೋದಾಗ ಸ್ವಿಚ್ ಆರಿಸುವುದನ್ನು ಮರೆಯಬಾರದು. ಕರೆಂಟ್ ಇಲ್ಲ ಅಂತ ಬ್ಲೇಡಿನ ಮೇಲೆ ಬಗ್ಗಿ ಹೊಟ್ಟು ತೆಗೆಯುತ್ತಿರುವಾಗ ಕರೆಂಟ್ ಬಂದರೆ? ಪಂಪ್‌ಸೆಟ್ಟಿಗೆ ಹಾಕುವಂಥ ಹಸಿರು-ಕೆಂಪು ಗುಂಡಿಯ ಸ್ಟಾರ್ಟರ್ ಇದ್ದರೆ ಹಸಿರು ಒತ್ತುವವರೆಗೆ ಮಷಿನ್ ತಿರುಗುವುದಿಲ್ಲ. ಬರೀ ಸ್ವಿಚ್ ಇದ್ದರೆ ತಾನಾಗಿಯೇ ತಿರುಗುತ್ತದೆ. ಆರಿಸಿದ ಮೇಲೂ ಬ್ಲೇಡು ಸ್ವಲ್ಪ ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತದೆ.

ಅಮೆರಿಕದ ಸ್ಟೀವ್ ಗ್ಯಾಸ್ ಎಂಬುವರು 1999ರಲ್ಲಿ ಒಂದು ಉಪಾಯ ಕಂಡುಹಿಡಿದರು. ನಮ್ಮ ಮೈ ಒಣ ಮರಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಬೆರಳು ತಾಗಿದ್ದನ್ನು ಅದರಿಂದಲೇ ತಿಳಿದು, ಒಂದು ಅಲ್ಯೂಮಿನಿಯಂ ತುಂಡು ಬ್ಲೇಡಿಗೆ ಕಚ್ಚಿಕೊಂಡು ಸೆಕೆಂಡಿನ 200ರಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ನಿಲ್ಲಿಸುತ್ತದೆ. ನನ್ನ ಲೆಕ್ಕದಲ್ಲಿ ಅಷ್ಟರಲ್ಲಿ 10 ಹಲ್ಲು ಕೂಡ ದಾಟುವುದಿಲ್ಲ. ಆದರೆ ಹಲಗೆ ವಾಪಸ್ ಹಾರುವುದನ್ನು ಅದು ತಡೆಯುವುದಿಲ್ಲ.

ಇನ್ನು ನಮ್ಮ ವಿಷಯ. ಕೆಲವು ಅಂಗಡಿಗಳಲ್ಲಿ "ಬಾರೋ, ಆ ಕಡೆ ಹಲಗೆ ಹಿಡ್ಕೋ" ಎಂದು ಹುಡುಗರನ್ನು ಕರೆಯುತ್ತಾರೆ. ಆ ಕಡೆಯವರು ಎಳೆದರೆ ಈ ಕಡೆಯವರ ಕೈ ಬ್ಲೇಡಿಗೆ ಹೋಗುತ್ತದೆ. 14 ವರ್ಷದೊಳಗಿನವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಇದೆ. "ಆಗಲ್ಲ ಅಣ್ಣ" ಎಂದು ಹೇಳಬಹುದು. ಮಷಿನ್ ನಿಲ್ಲುವ ತನಕ ಹೊಟ್ಟಿನ ಹತ್ತಿರವೂ ಹೋಗಬೇಡಿ. ಕೊಯ್ಯುವವರನ್ನು ಹಿಂದಿನಿಂದ ಮುಟ್ಟಬೇಡಿ, ಕೂಗಿ ಕರೆಯಬೇಡಿ. ಅವರು ತಲೆಯೆತ್ತಿ ನೋಡುವವರೆಗೆ ಬಾಗಿಲಲ್ಲೇ ಕಾಯಿರಿ.

ಯಾರಿಗಾದರೂ ಬೆರಳು ತುಂಡಾದರೆ ಶುದ್ಧ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಕೈ ಮೇಲೆತ್ತಿ ಹಿಡಿಸಬೇಕು, 108ಕ್ಕೆ ಫೋನ್ ಮಾಡಬೇಕು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸಿನ ಮೇಲಿಟ್ಟು ಜೊತೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ಐಸು ಬೆರಳಿಗೆ ನೇರವಾಗಿ ತಾಗಬಾರದು.

– 7ನೇ ತರಗತಿ